ಈಡುಗಾಯಿ ಒಡೆದ ವರ್ಷ

ತಿಪಟೂರಿನಲ್ಲಿ ಮನೆ ಮಾಡಿಕೊಂಡು ಕೊಬ್ಬರಿ ವಾಸನೆ ಆಗುವುದಿಲ್ಲ ಎಂದರೆ ಕೇಳಿದವರು ನಗುತ್ತಾರೆ. ನನಗೆ ಆಗುವುದಿಲ್ಲ. ಮೊನ್ನೆ ಹಾಲ್ಕುರಿಕೆಯ ನಾದಿನಿಯ ಮನೆಗೆ ಹೋಗಿದ್ದೆ. ಅಟ್ಟದಿಂದ ಕಾಯಿ ಇಳಿಸಿ, ಅಂಗಳದಲ್ಲಿ ಮಟ್ಟೆ ಸುಲಿದು, ಕರಟ ಒಡೆದು ಕೊಬ್ಬರಿ ತೆಗೆಯುತ್ತಿದ್ದರು. ವರ್ಷವಿಡೀ ಅಟ್ಟದ ಕತ್ತಲಲ್ಲಿ ಕೂತು ನೀರೆಲ್ಲ ಒಳಗೇ ಇಂಗಿದ ಕಾಯಿಗೆ ಒಂದು ವಾಸನೆ ಇರುತ್ತದೆ. ಧೂಳು, ಎಣ್ಣೆ, ಒಲೆಯ ಹೊಗೆ, ಇಲಿ ಎಲ್ಲ ಸೇರಿದ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ನಾದಿನಿ ಕಾಫಿ ತರುವಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹತ್ತಿರ ಇದ್ದೆ.

"ಇದೇನತ್ತಿಗೆ, ಬಂದಂಗೇ ಹೊರಟ್ಯಲ್ಲ? ಇನ್ನೂ ಅದ್ನ ಮರ್ತಿಲ್ವಾ ನೀನು?" ಎಂದಳು.

ಮರೆತರೆ ಒಳ್ಳೆಯದು ಎಂದು ನನಗೂ ಗೊತ್ತು. ಗೊತ್ತಿದ್ದು ಏನು ಬಂತು?

ಆ ವರ್ಷ ನಾವಿನ್ನೂ ಅರಳಗುಪ್ಪೆಯ ಮನೆಯಲ್ಲಿದ್ದೆವು. ನಾನು, ಅತ್ತೆ, ಮತ್ತು ರಜೆ ಸಿಕ್ಕಾಗ ಬಂದು ಹೋಗುವ ನಮ್ಮವರು. ಅವರ ಹೆಸರು ಗಂಗಾಧರ, ಕೆಲಸ ಪೊಲೀಸು. ಆದರೆ ಖಾಕಿಯಲ್ಲಿ ನಾನು ಅವರನ್ನು ನೋಡಿದ್ದು ಕಡಿಮೆ. ನಾಲ್ಕು ವರ್ಷದಿಂದ ಅವರು ಒಬ್ಬ ರಾಜಕಾರಣಿಗೆ ಗನ್‌ಮ್ಯಾನ್ ಆಗಿದ್ದರು. ಸಫಾರಿ ಹಾಕಿ, ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು, ಆ ಮನುಷ್ಯನ ಎಡಗಡೆ ಅರ್ಧ ಹೆಜ್ಜೆ ಹಿಂದೆ ನಡೆಯುವುದೇ ಡ್ಯೂಟಿ. ಆ ರಾಜಕಾರಣಿಯನ್ನು ನಮ್ಮ ಸೀಮೆಯವರೆಲ್ಲ ಅಧ್ಯಕ್ಷರು ಎನ್ನುತ್ತಿದ್ದರು. ಯಾವ ಕಾಲದಲ್ಲೋ ಯಾವುದಕ್ಕೋ ಅಧ್ಯಕ್ಷರಾಗಿದ್ದರಂತೆ. ಕುರ್ಚಿ ಹೋದರೂ ಹೆಸರು ಹೋಗಿರಲಿಲ್ಲ. ಮುಂದಿನ ಚುನಾವಣೆಗೆ ನಿಲ್ಲುತ್ತಾರೆ, ಗೆಲ್ಲುತ್ತಾರೆ ಎಂದು ಮಾತಿತ್ತು. ಬೆದರಿಕೆ ಇದ್ದದ್ದರಿಂದ ಸರ್ಕಾರ ಕಾವಲು ಕೊಟ್ಟಿತ್ತು.

ದೇವರಂಥ ಮನುಷ್ಯ ಎಂದೆಲ್ಲ ನಾನು ಹೇಳುವುದಿಲ್ಲ. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ. ಆದರೆ ನಮ್ಮವರನ್ನು ಮಗನ ಹಾಗೆ ನೋಡಿಕೊಂಡರು. ಅಧ್ಯಕ್ಷರ ಹೆಂಡತಿ ಗಿರಿಜಕ್ಕ ಇನ್ನೂ ಒಂದು ಕೈ ಮೇಲು. ಗಂಡನಿಗೆ ಮುದ್ದೆ ಇಡುವ ಮುಂಚೆ ಗನ್‌ಮ್ಯಾನಿಗೆ ಇಡುತ್ತಿದ್ದರು. "ಅವ್ನು ಹಸ್ಕಂಡಿದ್ರೆ ನಿಮ್ಮನ್ನ ಯಾರ್ರೀ ಕಾಯೋದು?" ಎಂದು ಅಧ್ಯಕ್ಷರನ್ನೇ ಗದರಿಸುತ್ತಿದ್ದರಂತೆ. ನಮ್ಮವರು ಮನೆಗೆ ಬಂದಾಗಲೆಲ್ಲ ಅಕ್ಕ ಹಂಗಂದ್ರು, ಅಕ್ಕ ಹಿಂಗಂದ್ರು. ನನಗೆ ಒಮ್ಮೊಮ್ಮೆ ಹೊಟ್ಟೆ ಉರಿಯುತ್ತಿತ್ತು. "ಅಲ್ಲೇ ಇರ್ಬುಡಿ, ಇಲ್ಲಿಗ್ಯಾಕೆ ಬತ್ತೀರಿ" ಎಂದು ರೇಗಿಸುತ್ತಿದ್ದೆ.

ಮುಂದಿನದು ತಿಳಿಯಬೇಕಾದರೆ ನಮ್ಮ ಮನೆಯ ಒಂದು ವಾಡಿಕೆ ಹೇಳಬೇಕು. ನಮ್ಮ ಕಡೆ ತೆಂಗಿನಕಾಯಿಯನ್ನು ತುಳಿಯುವುದಿಲ್ಲ, ದಾಟುವುದೂ ಇಲ್ಲ. ದಾರಿಯಲ್ಲಿ ಕಾಯಿಯೋ ಹೋಳೋ ಬಿದ್ದಿದ್ದರೆ ಬಗ್ಗಿ ಎತ್ತಿ, ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟು ಮುಂದೆ ಹೋಗುವುದು. ಎಲ್ಲರ ಮನೆಯಲ್ಲೂ ಇಷ್ಟು ಕಟ್ಟುನಿಟ್ಟಿಲ್ಲ. ಅತ್ತೆ ಮಾತ್ರ ಇದರಲ್ಲಿ ಪೊಲೀಸಿಗಿಂತ ಪೊಲೀಸು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಹಿತ್ತಲಲ್ಲಿ ಒಂದು ಕಾಯಿ ದಾಟಿದೆನೆಂದು ಮಧ್ಯಾಹ್ನದವರೆಗೆ ಮಾತು ಬಿಟ್ಟಿದ್ದರು. ಅಂಥ ತಾಯಿಯ ಕೈಯಲ್ಲಿ ಬೆಳೆದ ಮಗ ಹೇಗಿರುತ್ತಾನೆ? ಇವರು ಬೈಕಿನಲ್ಲಿ ಹೋಗುತ್ತಿದ್ದರೂ ಇಳಿದು ಎತ್ತಿಡುವ ಜಾತಿ.

ಶ್ರಾವಣದಲ್ಲಿ ಹುಳಿಯಾರಿನ ರಸ್ತೆಯ ಒಂದು ಹಳ್ಳಿಯಲ್ಲಿ ಸಮುದಾಯ ಭವನದ ಪೂಜೆಗೆ ಅಧ್ಯಕ್ಷರು ಹೋದರು. ಜಿನುಗು ಮಳೆ. ಊರ ಬಾಗಿಲಲ್ಲಿ ಹಾರ, ತಮಟೆ. ಪಕ್ಕದಲ್ಲೇ ಒಬ್ಬ ಎಳನೀರಿನ ರಾಶಿ ಹಾಕಿಕೊಂಡು ಬಂದವರಿಗೆಲ್ಲ ಕೆತ್ತಿ ಕೊಡುತ್ತಿದ್ದ, ಕೈಯಲ್ಲಿ ಮಚ್ಚು. ಬೇರೆ ಜಿಲ್ಲೆಯಲ್ಲಾದರೆ ಮಚ್ಚು ಹಿಡಿದವನನ್ನು ಪೊಲೀಸರು ಹತ್ತಿರ ಬಿಡುತ್ತಿರಲಿಲ್ಲವೇನೋ. ನಮ್ಮ ಕಡೆ ಎಳನೀರಿನ ಪಕ್ಕದಲ್ಲಿ ಮಚ್ಚಿಲ್ಲದಿದ್ದರೆ ಅನುಮಾನ ಪಡಬೇಕು. ಬಂದೋಬಸ್ತಿಗಿದ್ದ ಸಬ್ ಇನ್‌ಸ್ಪೆಕ್ಟರು ಕೂಡ ಅವನ ಕೈಯಿಂದಲೇ ಎಳನೀರು ಕುಡಿದಿದ್ದರು.

ಊರವರು ಅಧ್ಯಕ್ಷರ ಮುಂದೆ ದೃಷ್ಟಿ ತೆಗೆದು ಈಡುಗಾಯಿ ಹೊಡೆದರು. ಕಲ್ಲಿಗೆ ಬಡಿದ ಕಾಯಿ ಚೂರಾಯಿತು, ಜನ ಹೋಳು ಆಯಲು ನುಗ್ಗಿದರು. ಒಂದು ಹೋಳು ನಮ್ಮವರ ಬೂಟಿನ ಮುಂದೆಯೇ ಬಂದು ಬಿತ್ತು. ಅವರು ಬಗ್ಗಿದರು. ಎಳನೀರಿನವನು ಮಚ್ಚು ಬೀಸಿದ. ಅವರು ತಲೆಯೆತ್ತುವಷ್ಟರಲ್ಲಿ ಅಧ್ಯಕ್ಷರು ನೆಲದಲ್ಲಿದ್ದರು.

ಆಮೇಲೆ ನಮ್ಮವರು ಅವನ ಮೇಲೆ ಬಿದ್ದು, ಎಡ ಮುಂಗೈಗೆ ಏಟು ತಿಂದು, ಬಿಡದೆ ಹಿಡಿದುಕೊಂಡರು. ಅವನು ಸಿಕ್ಕಿದ್ದೇ ಇವರಿಂದ. ಆದರೆ ವಿಡಿಯೊ ಮಾಡುತ್ತಿದ್ದವನು ಹೆದರಿ ಫೋನ್ ಕೆಳಗಿಳಿಸಿದ್ದ. ಅದರಲ್ಲಿದ್ದದ್ದು ಇಷ್ಟೇ: ಈಡುಗಾಯಿ, ಗನ್‌ಮ್ಯಾನ್ ಬಗ್ಗಿದ್ದು, ಮಚ್ಚು ಎದ್ದದ್ದು. ಸಂಜೆಗೆ ಟಿವಿಯವರು ಇವರ ಸುತ್ತ ಕೆಂಪು ವೃತ್ತ ಎಳೆದು ತೋರಿಸತೊಡಗಿದರು. ಬಗ್ಗಿದ್ದು ಕೊಲೆಗಾರನಿಗೆ ಕೊಟ್ಟ ಸನ್ನೆ ಅಂತೆ. ಒಬ್ಬ ಕೋಟಿನವನು ಅದನ್ನು ನಿಧಾನಕ್ಕೆ ಓಡಿಸಿ, ನಿಲ್ಲಿಸಿ, ಹಿಂದಕ್ಕೆ ಎಳೆದು, ಮತ್ತೆ ಓಡಿಸಿ ಕಡ್ಡಿಯಲ್ಲಿ ತೋರಿಸುತ್ತಿದ್ದ. ನಾನು ಆಸ್ಪತ್ರೆಯ ವರಾಂಡದಲ್ಲಿ ಕೂತು ಅದನ್ನು ನೋಡಿದೆ. ಒಳಗೆ ಇವರ ಕೈಗೆ ಹೊಲಿಗೆ ಹಾಕುತ್ತಿದ್ದರು.

ಸಬ್ ಇನ್‌ಸ್ಪೆಕ್ಟರು, ಜೀಪಿನ ಡ್ರೈವರು, ನಮ್ಮವರು, ಮೂವರನ್ನೂ ಸಸ್ಪೆಂಡ್ ಮಾಡಿದರು. ಕೊಂದವನ ಹಿಂದೆ ಯಾರಿದ್ದರು, ಯಾವ ಜಮೀನು, ಯಾವ ದ್ವೇಷ, ಅದೆಲ್ಲ ಕೋರ್ಟಿನಲ್ಲಿದೆ, ಅದು ನನ್ನ ಕಥೆಯಲ್ಲ. ಪೊಲೀಸರಲ್ಲಿ ಯಾರು ಸೇರಿಕೊಂಡಿದ್ದರು ಎಂದು ಬೇರೆಯೇ ತನಿಖೆ ಶುರುವಾಯಿತು. ಅದು ನನ್ನ ಕಥೆ. ಉಳಿದಿಬ್ಬರ ಮೇಲಿದ್ದದ್ದು ಎಚ್ಚರ ತಪ್ಪಿದರು ಎಂಬ ಆರೋಪ. ನಮ್ಮವರ ಮೇಲಿದ್ದದ್ದು ಅನ್ನ ಹಾಕಿದವರನ್ನು ಕೊಲ್ಲಿಸಿದರು ಎಂಬುದು.

ಅಧ್ಯಕ್ಷರ ಮಣ್ಣಿಗೆ ಹೋಗಲೂ ಇವರನ್ನು ಬಿಡಲಿಲ್ಲ. ಜನ ರೊಚ್ಚಿಗೆದ್ದಿದ್ದಾರೆ, ಬಂದರೆ ಹೊಡೆದು ಹಾಕುತ್ತಾರೆ ಎಂದು ಮೇಲಿನವರೇ ತಡೆದರು. ಅವತ್ತು ನಮ್ಮವರು ತೋಟದ ಬಾವಿಯ ಕಟ್ಟೆಯ ಮೇಲೆ ಕೂತು, ಅಲ್ಲಿಂದ ಕೇಳದ ತಮಟೆಗೆ ಕಿವಿ ಕೊಟ್ಟುಕೊಂಡು ಮಧ್ಯಾಹ್ನ ಕಳೆದರು.

"ಊರು ಏನಾರ ಅಂದ್ಕಳ್ಲಿ ಕಣೇ ಮಂಜಿ. ಟಿವಿ ಏನಾರ ಬೊಗಳ್ಲಿ. ಅಕ್ಕ ಒಬ್ರು ನಂಬುದ್ರೆ ಸಾಕು ನಂಗೆ."

"ಫೋನ್ ಮಾಡಿ ಹೇಳಿ ಮತ್ತೆ."

"ಎತ್ತಲ್ಲ ಕಣೇ. ಎಷ್ಟು ಸಲ ಮಾಡ್ಲಿ?"

ವಿಚಾರಣೆಗೆ ಕರೆಸುತ್ತಿದ್ದರು. ಬೆಳಗ್ಗೆ ಹೋದವರು ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಹೊಡೆಯಲಿಲ್ಲ, ಬೈಯಲಿಲ್ಲ. ಸುಮ್ಮನೆ ಕೇಳುತ್ತಿದ್ದರಂತೆ. ಯಾಕೆ ಬಗ್ಗಿದೆ? ಕಾಯಿ ತುಳಿಯಬಾರದು ಅಂತ ಸಾರ್. ಪಕ್ಕಕ್ಕೆ ಹೆಜ್ಜೆ ಇಡಬಹುದಿತ್ತಲ್ಲ? ಇಡಬಹುದಿತ್ತು ಸಾರ್. ಮತ್ತೆ ಯಾಕೆ ಬಗ್ಗಿದೆ? ಮತ್ತೆ ಮೊದಲಿನಿಂದ. ತನಿಖೆಯ ಡಿವೈಎಸ್ಪಿ ಕೆಟ್ಟವರೇನಲ್ಲ. ತೆಂಗಿಲ್ಲದ ಕಡೆಯಿಂದ ಬಂದವರು. ಜೀವ ಕಾಯಲು ನಿಂತವನು ಒಂದು ಹೋಳು ಕಾಯಿಗೆ ಬಗ್ಗಿದ ಎಂದರೆ ಅವರಿಗೆ ಅದು ಕಟ್ಟುಕಥೆಯಾಗಿಯೇ ಕೇಳುತ್ತಿತ್ತು.

ಊರಿನಲ್ಲಿ ಯಾರೂ ಮುಖದ ಮೇಲೆ ಏನೂ ಅನ್ನಲಿಲ್ಲ. ಅಂದಿದ್ದರೆ ನಾನೂ ನಾಲ್ಕು ಜಾಡಿಸುತ್ತಿದ್ದೆ. ಡೈರಿಗೆ ಹಾಲು ಹಾಕಲು ಹೋದರೆ ಹೆಂಗಸರು ಮಾತು ನಿಲ್ಲಿಸಿ ದಾರಿ ಬಿಡುತ್ತಿದ್ದರು, ಮೈಲಿಗೆಯವಳಿಗೆ ಬಿಡುವ ಹಾಗೆ. ವಿಚಿತ್ರವೆಂದರೆ ಅವರೆಲ್ಲ ಕಾಯಿ ಎತ್ತಿ ಕಣ್ಣಿಗೊತ್ತಿಕೊಳ್ಳುವವರೇ. "ಇವ್ರು ಯಾಕ್ ಬಗ್ಗಿದ್ರು ಅಂತ ನಿಮ್ಗೂ ಗೊತ್ತಾಗಲ್ವಾ?" ಎಂದು ಒಂದು ದಿನ ಕೇಳಿಯೇ ಬಿಟ್ಟೆ. ಡೈರಿಯ ಕಾರ್ಯದರ್ಶಿಯ ಹೆಂಡತಿ ಕ್ಯಾನಿನ ಮುಚ್ಚಳ ನೋಡುತ್ತಾ, "ನಮ್ಗೇನು ಗೊತ್ತು ಬುಡಮ್ಮ, ದೊಡ್ಡೋರ ವಿಷ್ಯ" ಎಂದಳು.

ಕಾರ್ತಿಕದಲ್ಲಿ ಮನೆ ಶೋಧನೆಗೆ ಬಂದರು. ಎರಡು ಜೀಪು, ಬೀದಿ ತುಂಬ ಜನ. ಬೀರು, ಹಾಸಿಗೆ, ರಾಗಿ ಗುಡಾಣ ಎಲ್ಲ ತೆಗೆದು ನೋಡಿ, ಕೊನೆಗೆ ಅಟ್ಟಕ್ಕೆ ಏಣಿ ಹಾಕಿದರು. ಕಾಯಿಯ ರಾಶಿಯ ಕೆಳಗೆ ಇನ್ನೊಂದು ಫೋನ್ ಅಡಗಿಸಿಟ್ಟಿದ್ದಾರೆ ಎಂದು ಯಾರೋ ಅವರ ಕಿವಿ ಊದಿದ್ದರಂತೆ.

ಆ ಕಾಯಿ ಅಟ್ಟಕ್ಕೆ ಏರಿ ಆರೇಳು ತಿಂಗಳಾಗಿತ್ತಷ್ಟೇ. ಒಳಗೆ ಇನ್ನೂ ನೀರಿತ್ತು. ಆ ಹಂತದಲ್ಲಿ ಎತ್ತಿ ಹಾಕಿದರೆ ಕರಟ ಬಿರುಕು ಬಿಟ್ಟು, ಗಾಳಿಯಾಡಿ, ಕೊಬ್ಬರಿ ಕೊಳೆತು ಕೌಟಾಗುತ್ತದೆ. ಅತ್ತೆ ಕೈಮುಗಿದರು. "ಬುಟ್ಟೀಲಿ ಇಳಿಸ್ರಪ್ಪಾ, ನಾನೇ ಬುಟ್ಟಿ ಕೊಡ್ತೀನಿ. ಎಸೀಬ್ಯಾಡ್ರಿ." ಮೇಲಿದ್ದವರಿಗೆ ಎಲ್ಲಿಯ ಬುಟ್ಟಿ? ಕಾಯಿಗಳು ದಬದಬನೆ ಪಡಸಾಲೆಗೆ ಬಿದ್ದು, ಬಾಗಿಲವರೆಗೂ ಉರುಳಿದವು. ನಮ್ಮವರು ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದರು.

ಶೋಧನೆಗೆ ಬಂದವರಲ್ಲಿ ತುರುವೇಕೆರೆ ಕಡೆಯ ನಾಗರಾಜು ಎಂಬ ಕಾನ್‌ಸ್ಟೇಬಲ್ ಇದ್ದ. ನಮ್ಮವರ ಜೊತೆ ತರಬೇತಿ ಮುಗಿಸಿದವನು, ನಮ್ಮ ಮದುವೆಯಲ್ಲಿ ಬಡಿಸಿದವನು. ಅವತ್ತು ಮಾತ್ರ ನಮ್ಮ ಕಡೆ ನೋಡದೆ ಕೆಲಸ ಮಾಡುತ್ತಿದ್ದ. ಡಿವೈಎಸ್ಪಿ ಅಂಗಳದಿಂದ ಕೂಗಿದರು. ನಾಗರಾಜು ಅವಸರದಲ್ಲಿ ಹೊರಟ. ಹೊಸ್ತಿಲಿನಲ್ಲಿ ಒಂದು ಕಾಯಿ ಉರುಳಿ ನಿಂತಿತ್ತು. ಅವನು ತಟ್ಟನೆ ನಿಂತು, ಬಗ್ಗಿ, ಕಾಯಿ ಎತ್ತಿ ಕಣ್ಣಿಗೊತ್ತಿಕೊಂಡ.

ಅತ್ತೆ ಕೂಗಿದ ಕೂಗಿಗೆ ಬೀದಿಯೇ ಸುಮ್ಮನಾಯಿತು.

"ನೋಡಿ ಸ್ವಾಮಿ! ನೋಡಿ, ನಿಮ್ಮೋನೂ ಬಗ್ಗುದ! ಅವ್ನಿಗೆ ಯಾರ್ ಹೇಳ್ಕೊಟ್ರು? ಅವ್ನು ಯಾರಿಗ್ ಸನ್ನೆ ಮಾಡ್ದ, ಕೇಳಿ ಈಗ!"

ಡಿವೈಎಸ್ಪಿ ನೋಡಿದರು. ನಾಗರಾಜುವಿನ ಕೈಯಲ್ಲಿ ಕಾಯಿ, ಅವನ ಹಿಂದೆ ಕಂಬಕ್ಕೊರಗಿದ ನಮ್ಮವರು. ಮುಗಿಯಿತು, ಇವತ್ತಿಗೆ ಮುಗಿಯಿತು, ಇನ್ನೇನು ಬೇಕು ಸಾಕ್ಷಿ ಎಂದುಕೊಂಡೆ.

"ಏನ್ರೀ ನಾಗರಾಜು, ನಿಮ್ಮ ಕಡೆ ಹೀಗೆ ಮಾಡುವ ಪದ್ಧತಿ ಇದೆಯಾ?" ಎಂದು ಡಿವೈಎಸ್ಪಿ ಕೇಳಿದರು. ಗದರಿಸಿ ಕೇಳಲಿಲ್ಲ, ತಿಳಿಯಬೇಕೆಂದೇ ಕೇಳಿದರು.

ನಾಗರಾಜು ಬೀದಿಯ ಜನರನ್ನು ನೋಡಿದ. ಬೀದಿಯಲ್ಲಿ ಫೋನ್ ಎತ್ತಿ ಹಿಡಿದವರಿದ್ದರು. ಅವನಿಗೂ ಹೆಂಡತಿ ಮಕ್ಕಳು, ಅವನಿಗೂ ನೌಕರಿ. "ಇಲ್ಲ ಸಾರ್, ದಾರೀಗ್ ಅಡ್ಡ ಇತ್ತು, ಅದ್ಕೇ" ಎಂದ. ಕಾಯಿಯನ್ನು ಇದ್ದಲ್ಲೇ ಕೆಳಗಿಟ್ಟು, ಅದನ್ನು ದಾಟಿಕೊಂಡು ಹೊರಗೆ ಹೋದ.

ಅತ್ತೆ ಅಲ್ಲೇ ಕುಸಿದು ಕೂತರು. ಮಗನ ಮೇಲೆ ಅಪವಾದ ಬಂದಾಗಲೂ ಅವರು ಅತ್ತಿರಲಿಲ್ಲ. ಅವತ್ತು ಸೆರಗು ಬಾಯಿಗಿಟ್ಟುಕೊಂಡು ಅತ್ತರು. ನಾಗರಾಜುವಿಗೆ ನಾನು ಎಷ್ಟು ಶಾಪ ಹಾಕಿದ್ದೇನೆಂದರೆ ಅದರಲ್ಲಿ ಕಾಲು ಪಾಲು ತಟ್ಟಿದ್ದರೂ ಅವನು ಉಳಿಯುತ್ತಿರಲಿಲ್ಲ. ಚೆನ್ನಾಗಿದ್ದಾನೆ, ಬಡ್ತಿಯೂ ಆಗಿದೆ. ಈಗ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ.

ಫೋನ್ ಸಿಗಲಿಲ್ಲ. ಇದ್ದರಲ್ಲವೇ ಸಿಗುವುದು. ಹೋಗುವಾಗ ಒಬ್ಬರೂ ಒಂದು ಕಾಯಿಯನ್ನೂ ಎತ್ತಿಡಲಿಲ್ಲ. ನಮ್ಮವರೂ ನಾನೂ ಸೇರಿ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಬೆರಳಲ್ಲಿ ತಟ್ಟಿ, ಬಿರುಕು ಬಿಟ್ಟದ್ದನ್ನು ಬೇರೆ ಮಾಡಿದೆವು. ಒಳ್ಳೆಯದಕ್ಕಿಂತ ಬಿರುಕಿನ ಗುಡ್ಡೆಯೇ ದೊಡ್ಡದಾಯಿತು. ಕೆಲವೇ ದಿನಗಳಲ್ಲಿ ಮನೆಯೆಲ್ಲ ಕೌಟು ವಾಸನೆ. ಉಂಡ ಅನ್ನಕ್ಕೂ ಅದೇ, ಹೊದ್ದ ಕಂಬಳಿಗೂ ಅದೇ.

ಆ ಚಳಿಗಾಲದಲ್ಲಿ ನಮ್ಮವರು ಕಣ್ಣೆದುರೇ ಕರಗಿದರು. ಊಟ ಬಿಟ್ಟರು ಎಂದಲ್ಲ, ಹಾಕಿದ್ದನ್ನು ತಿನ್ನುತ್ತಿದ್ದರು. ತೋಟಕ್ಕೆ ನೀರು ಹಾಯಿಸುತ್ತಿದ್ದರು. ಆದರೆ ಒಬ್ಬರೇ ಇದ್ದಾಗ ಫೋನಿನಲ್ಲಿ ಆ ವಿಡಿಯೊ ಹಾಕಿಕೊಂಡು ನೋಡುತ್ತಿದ್ದರು. ಒಂದು ದಿನ ಎಮ್ಮೆ ಕೊಟ್ಟಿಗೆಯಲ್ಲಿ ಹಾಗೆ ಕೂತಿದ್ದಾಗ ನಾನು ಹಿಂದೆ ಹೋಗಿ ನಿಂತೆ.

"ನೋಡೇ ಮಂಜಿ, ಇವ್ನು ಬಗ್ಗೋದ್ಕೂ ಮಚ್ಚು ಏಳೋದ್ಕೂ ಎಷ್ಟು ಸರಿಯಾಗದೆ. ನಾನೇ ತನಿಖೆ ಮಾಡ್ತಿದ್ರೆ ಇವ್ನುನ್ನ ಬುಡ್ತಿರ್‌ಲಿಲ್ಲ."

"ಇವ್ನು ಅಂದ್ರೆ ಯಾರ್ರೀ? ಅದು ನೀವು!" ಎಂದು ಕಿರುಚಿದೆ. ಫೋನ್ ಕಿತ್ತುಕೊಂಡು ಹುಲ್ಲಿನ ಮೇಲೆ ಎಸೆದೆ. ಅವರು ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಯಾರೋ ಗೊತ್ತಿಲ್ಲದವರ ಕೇಸಿನ ಬಗ್ಗೆ ಮಾತಾಡುತ್ತಿದ್ದಂತೆ ಕೂತಿದ್ದರು.

ಶಿವರಾತ್ರಿ ಕಳೆದ ಮೇಲೆ ವರದಿ ಬಂತು. ಗಂಗಾಧರ ಅವರ ಕೈವಾಡಕ್ಕೆ ಯಾವ ಆಧಾರವೂ ಇಲ್ಲ, ಬಗ್ಗಿದ್ದು ಸ್ಥಳೀಯ ರೂಢಿಯಿಂದಾದ ಅಚಾತುರ್ಯ. ಡಿವೈಎಸ್ಪಿ ನಮ್ಮ ಹೊಸ್ತಿಲಿನಲ್ಲಿ ಕಂಡದ್ದನ್ನು ಮರೆತಿರಲಿಲ್ಲ ಎಂದು ಕಾಣುತ್ತದೆ. ಯಾರನ್ನೂ ಕೇಳದೆ ಸುತ್ತಲ ಹಳ್ಳಿಗಳ ದೇವಸ್ಥಾನದ ಮುಂದೆ ನಿಂತು ಜನ ಹೇಗೆ ಈಡುಗಾಯಿ ಎತ್ತುತ್ತಾರೆಂದು ನೋಡಿಕೊಂಡು ಹೋಗಿದ್ದರಂತೆ. ನೌಕರಿ ವಾಪಸು ಸಿಕ್ಕಿತು, ಬಂದೂಕು ಇಲ್ಲದ ಕಡೆ, ತುಮಕೂರಿನ ವೈರ್‌ಲೆಸ್ ಕೋಣೆಯಲ್ಲಿ. ಕೆಂಪು ವೃತ್ತ ಎಳೆದ ಟಿವಿಯವರು ಆ ಸುದ್ದಿಯನ್ನು ಕೆಳಗಿನ ಪಟ್ಟಿಯಲ್ಲೂ ಓಡಿಸಲಿಲ್ಲ. ಡೈರಿಯ ಹೆಂಗಸರು, "ನಮ್ಗೆ ಆಗ್ಲೇ ಗೊತ್ತಿತ್ತು ಕಣಮ್ಮ" ಎಂದರು. ಅವರಿಗೆ ಹೇಳಬೇಕಾದದ್ದನ್ನು ನಾನು ಹೇಳಿದೆ. ಇಲ್ಲಿ ಬರೆಯುವಂಥದ್ದಲ್ಲ.

ಸುದ್ದಿ ಬಂದ ದಿನವೇ ನಮ್ಮವರು ಗಡ್ಡ ಬೋಳಿಸಿ, ಒಗೆದ ಅಂಗಿ ಹಾಕಿಕೊಂಡರು. "ಅಕ್ಕನ ತಾವ್ಕೆ ಹೋಗ್ಬರಾಣ ನಡಿಯೇ. ಈಗ ಹೋಗ್ಬೋದು" ಎಂದರು. ಇಷ್ಟು ದಿನ ಅವರು ಕಾದದ್ದು ನೌಕರಿಗಲ್ಲ, ಇದಕ್ಕೆ.

ಗಿರಿಜಕ್ಕನ ಮನೆ ಚಿಕ್ಕನಾಯಕನಹಳ್ಳಿಯಲ್ಲಿ. ಯಾವಾಗಲೂ ಜನರಿಂದ ಗಿಜಿಗುಡುತ್ತಿದ್ದ ಮನೆಯಂತೆ, ನಾವು ಹೋದಾಗ ಜಗಲಿ ಬಣಗುಟ್ಟುತ್ತಿತ್ತು. ಕೆಲಸದವಳು ಒಳಗೆ ಹೋಗಿ ಹೇಳಿದಳು. ಓಡಿಸುತ್ತಾರೆ ಎಂದುಕೊಂಡಿದ್ದೆ. ಗಿರಿಜಕ್ಕ ತಾವೇ ಬಂದರು. ಬರಿ ಹಣೆ, ಬರಿ ಕೈ, ಮೈ ಅರ್ಧಕ್ಕೆ ಇಳಿದಿತ್ತು. ಕೂತ್ಕಳಿ ಎಂದರು. ಕಾಫಿ ತರಿಸಿದರು. ನಮ್ಮವರ ಮುಂಗೈಯ ಗಾಯದ ಗುರುತನ್ನು ಸ್ವಲ್ಪ ಹೊತ್ತು ನೋಡಿದರು.

"ಮಾಯ್ತಾ ಗಂಗಾಧರ?"

"ಮಾಯ್ತು ಅಕ್ಕಾ." ನಮ್ಮವರು ಮುಂದಕ್ಕೆ ಸರಿದು ಕೂತರು. "ವರದಿ ಬಂತು ಅಕ್ಕಾ. ನಾನು ಮಾಡಿಲ್ಲ ಅಂತ ಬಂತು. ನೀವು ನಂಬ್ಬೇಕು ಅಕ್ಕಾ, ನಿಮ್ಮ ಮನೆ ಅನ್ನ ತಿಂದು..."

"ನೀನು ಮಾಡಿಲ್ಲ ಅಂತ ನಂಗೆ ಅವತ್ತೇ ಗೊತ್ತು ಕಣಪ್ಪ" ಎಂದರು ಗಿರಿಜಕ್ಕ. "ನಮ್ಮ ಮನೆ ಬಾಗ್ಲಲ್ಲೇ ಎಷ್ಟು ಸಲ ಕಾಯಿ ಎತ್ತಿಟ್ಟಿದ್ದೀಯ, ನಾನು ನೋಡಿಲ್ವಾ?"

ನನಗೆ ತಡೆಯಲಾಗಲಿಲ್ಲ. "ಗೊತ್ತಿದ್ರೆ ಒಂದು ಮಾತು ಹೇಳ್ಬೋದಾಗಿತ್ತಲ್ಲಕ್ಕಾ. ನೀವು ಒಂದು ಮಾತು ಹೇಳಿದ್ರೆ ತನಿಖೆಯೋರು ಆವತ್ತೇ ನಂಬ್ತಿದ್ರು. ನಮ್ಮನೆ ಹಾಳಾಗ್ತಿರ್‌ಲಿಲ್ಲ."

ಗಿರಿಜಕ್ಕ ನನ್ನನ್ನು ನೋಡಲಿಲ್ಲ. ಇವರನ್ನೇ ನೋಡುತ್ತಾ ಹೇಳಿದರು.

"ಹೆಂಗೆ ಹೇಳ್ಲವ್ವಾ? ಇವ್ನು ದುಡ್ಡು ತಿಂದು ಮಾಡಿಸ್ದ ಅಂದ್ರೆ ಶಾಪ ಹಾಕ್ಕಂಡಾದ್ರೂ ಇರ್ತಿದ್ದೆ. ದಿನಾ ಬೆಳಿಗ್ಗೆ ಎದ್ದು ಬೈಕಳಕ್ಕೆ ಒಬ್ಬ ಇರ್ತಿದ್ದ. ಒಂದು ಹೋಳು ಕಾಯಿಗೆ ನನ್ನ ಗಂಡ ಹೋದ್ರು ಅಂತ ಹೆಂಗವ್ವಾ ಒಪ್ಕಳ್ಲಿ? ನೀನೇ ಮಾಡಿದ್ರೆ ವಾಸಿಯಾಗಿತ್ತು ಕಣೋ ಗಂಗಾಧರ."

ಹೇಳಿದವರೇ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ. ಕಾಫಿ ಲೋಟಗಳು ತುಂಬಿದಂತೆಯೇ ಇದ್ದವು. ಕೆಲಸದವಳು ಬಾಗಿಲಲ್ಲಿ ನಿಂತಿದ್ದಳು, ಏನು ಮಾಡಬೇಕೆಂದು ಅವಳಿಗೂ ತಿಳಿಯಲಿಲ್ಲ. ನಾನೇ ಇವರ ರಟ್ಟೆ ಹಿಡಿದು ಎಬ್ಬಿಸಿದೆ.

ತಿಪಟೂರಿನ ಬಸ್ಸಿನಲ್ಲಿ ಜನ ಕಡಿಮೆ ಇದ್ದರು. ಹೆಂಗಸರ ಸೀಟಿನಲ್ಲಿ ನನ್ನ ಪಕ್ಕ ಕೂತರು. ಕಂಡಕ್ಟರ್ ಬಂದು ಟಿಕೆಟ್ ಎಂದಾಗ ಅವರಿಗೆ ಕೇಳಿಸಲೇ ಇಲ್ಲ, ನಾನು ಕೊಟ್ಟೆ. ಊರು ದಾಟಿ ತೋಟಗಳು ಶುರುವಾದ ಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡರು.

"ಅಕ್ಕ ನಂಬುದ್ರು ಕಣೇ ಮಂಜಿ" ಎಂದರು. ಮತ್ತೆ ಅದನ್ನೇ ಅಂದರು. ಆಮೇಲೆ, ಅಷ್ಟು ದಿನ ಒಂದು ಹನಿ ಕಣ್ಣೀರು ಹಾಕದವರು, ನನ್ನ ಹೆಗಲ ಮೇಲೆ ತಲೆಯಿಟ್ಟು ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಅತ್ತರು.